ಮರದಡಿಯ ಮಳೆಮಾಪಕ

ತಂಗಿ ತೀರಿಕೊಂಡ ಸುದ್ದಿ ಹವಾಮಾನ ಕಚೇರಿಗೆ ಮುಟ್ಟಿದ ದಿನ, ಅಣ್ಣ ಆಸ್ಪತ್ರೆಯಿಂದ ನೇರವಾಗಿ ಅಲ್ಲಿಗೇ ಬಂದರು. ಒಡಹುಟ್ಟಿದ ಇಬ್ಬರೂ ಅಲ್ಲಿಯ ವಿಜ್ಞಾನಿಗಳು. ಅಂತ್ಯಕ್ರಿಯೆಗೆ ತಂಗಿಯ ಮಗಳು ದೂರದಿಂದ ಬಂದು ಸೇರಲು ಸಂಜೆಯಾಗುತ್ತಿತ್ತು. ಅಷ್ಟರೊಳಗೆ ಮಳೆ ಬರುವಂತಿತ್ತು.

ತಂಗಿಯ ಮೇಜಿನ ಮೇಲೆ ಅವಳ ಭಾವಚಿತ್ರವಿತ್ತು. ಅದರ ಮುಂದೆ, ಥಳಥಳ ಉಜ್ಜಿಟ್ಟ ಮಳೆಮಾಪಕದ ತುಂಬ ಬಿಳಿ ಹೂವು.

"ಇದನ್ನ ಮರದ ಕೆಳಗಿಂದ ಯಾರು ತಂದದ್ದು?" ಎಂದರು ಅಣ್ಣ.

"ನಾನೇ ಸಾರ್," ಎಂದಳು ಮುನ್ಸೂಚನೆ ಬರೆಯುವ ಹುಡುಗಿ, ಕಣ್ಣೊರೆಸಿಕೊಳ್ಳುತ್ತ. "ಎಲೆಯಮ್ಮ ಇದನ್ನ ಮಗು ಥರ ನೋಡ್ಕೋತಿದ್ರಲ್ಲ. ಅನಾಥವಾಗಿ ಹೊರಗಿರೋದು ಬೇಡ ಅನ್ನಿಸ್ತು."

ಎಲೆಯಮ್ಮ ಎಂಬುದು ತಂಗಿಗೆ ಇಡೀ ಕಚೇರಿ ಇಟ್ಟ ಹೆಸರು. ಹೊಳೆಯ ನೆರೆಯನ್ನು ಮುಂಚೆಯೇ ಲೆಕ್ಕ ಹಾಕುವ ಕಚೇರಿಯ ಕಂಪ್ಯೂಟರ್ ಮಾದರಿಯಲ್ಲಿ ಸುರಿದ ಮಳೆಯೆಲ್ಲ ನೇರ ನೆಲಕ್ಕೇ ಇಳಿಯುತ್ತಿತ್ತು. ಕಾಡಿದ್ದರೂ ಅದರಲ್ಲಿ ಎಲೆ ಇರಲಿಲ್ಲ. ಸಣ್ಣ ಮಳೆಗೂ ಹೊಳೆ ಉಕ್ಕೀತೆಂದು ಕಚೇರಿ ಪದೇ ಪದೇ ಸಾರಿದ್ದರಿಂದ, ದಂಡೆಯ ಜನ ಈಗ ಎಚ್ಚರಿಕೆಯನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎಲೆ ಎಷ್ಟು ಹಿಡಿಯುತ್ತದೆ, ಎಷ್ಟು ಬಿಡುತ್ತದೆ ಎಂಬುದನ್ನು ಮಾದರಿಗೆ ಸೇರಿಸಲೇಬೇಕೆಂದು ತಂಗಿ ಹಟ ಹಿಡಿದಿದ್ದಳು. ಅದಕ್ಕೇ ಬಯಲಲ್ಲೊಂದು ಮಾಪಕ, ಮರದಡಿ ಇನ್ನೊಂದು. ಮಳೆಗಾಲ ಪೂರ್ತಿ ಅಳೆದು ತೋರಿಸಿದರೆ ಸೇರಿಸೋಣ ಎಂದಿದ್ದರು ಮೇಲಿನವರು. ಒಂದು ಮಳೆಯ ಅಳತೆ ತಪ್ಪಿದರೂ ಇಡೀ ಕೆಲಸ ನೀರುಪಾಲು.

ಅಣ್ಣ ಹೂವುಗಳನ್ನು ಒಂದೊಂದಾಗಿ ತೆಗೆದು ಚಿತ್ರದ ಮುಂದಿಟ್ಟರು.

"ಸಾರ್, ಇವತ್ತೊಂದಿನ ಬಿಡಿ. ಮನೆಗೆ ಹೋಗಿ."

"ಅವಳಾಗಿದ್ರೆ ಬಿಡ್ತಿದ್ಲಾ? ಮದುವೆ ಮನೇಲೂ ಅರ್ಧ ಊಟಕ್ಕೆ ಎದ್ದು ಮರ ನೋಡೋಕೆ ಓಡಿದವಳು. ನಡಿ ತಾಯಿ, ಕೊಡೆ ತಗೋ."

ಮರದಡಿ ಮಾಪಕ ಕೂರಿಸುವಷ್ಟರಲ್ಲಿ ಹನಿಯತೊಡಗಿತು. ಹುಡುಗಿ ಗಡಿಬಿಡಿಯಲ್ಲಿ ಕೊಡೆ ಬಿಚ್ಚಿ ತಮ್ಮಿಬ್ಬರ ಜೊತೆ ಮಾಪಕಕ್ಕೂ ಹಿಡಿದಳು.

"ಅಯ್ಯೋ, ಅದಕ್ಕಲ್ಲ! ಎಲೆಯಮ್ಮ ಇದ್ದಿದ್ರೆ ನಿನ್ನ ಕೊಡೆ ಮುರಿದೇ ಬಿಡ್ತಿದ್ಲು."

ಅಳುತ್ತಿದ್ದ ಹುಡುಗಿಗೆ ನಗು ಬಂತು. ಇಬ್ಬರೂ ಹಿಂದೆ ಸರಿದು ನಿಂತರು. ಬಯಲಿನ ಮಾಪಕ ಆಗಲೇ ಟಪಟಪ ಸದ್ದು ಮಾಡುತ್ತಿತ್ತು. ಮರದಡಿಯದು ಇನ್ನೂ ಒಣಗಿಯೇ ಇತ್ತು.

ಅಣ್ಣ ತಲೆಯೆತ್ತಿದರು. ಎಲೆಯೊಂದರ ಮೇಲೆ ಹನಿ ಬೀಳದೆ ನಿಂತಿತ್ತು. ಅವರು ಕೈಮುಗಿದರು.

"ದೇವರೇ, ಎಲೆ ಹಿಡಿದ ಹನಿ ನೆಲ ಮುಟ್ಟದೆ ಆವಿಯಾಗಿ ಆಕಾಶಕ್ಕೇ ಮರಳುತ್ತೆ ಅಂತಿದ್ಲು. ನನ್ನ ತಂಗೀನ ಹಾಗೇ ಕರ್ಕೋ. ಅವಳಿಗೆ ಶಾಂತಿ ಕೊಡು."