ಅಪ್ಪನಿಗೇ ಯಾಕೆ ಆರು ಬೀಳುತ್ತದೆ?

ಆರು. ಮತ್ತೆ ಆರು. ನೀರಿನ ಲೋಟದಲ್ಲಿ ತೇಲುತ್ತಿದ್ದ ದಾಳವನ್ನು ಮಗಳು ಇನ್ನೊಮ್ಮೆ ಬೆರಳಿನಿಂದ ತಿರುಗಿಸಿ ಬಿಟ್ಟಳು. ಅದು ಹೊರಳಿ, ತೂಗಾಡಿ, ಆರರ ಮುಖವನ್ನೇ ಮೇಲೆ ಮಾಡಿ ನಿಂತಿತು.

"ಸಿಕ್ಕಿಬಿದ್ದ ನಮ್ಮಪ್ಪ!" ಎಂದು ಚಪ್ಪಾಳೆ ತಟ್ಟಿದಳು.

ಅವಳು ದಾಳ ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆಯವಳು. ಹತ್ತು ವರ್ಷದಿಂದ ಅದೇ ಕೆಲಸ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ದಾಳ ಕಸದ ಬುಟ್ಟಿಗೆ. ಅವಳ ಹತ್ತಿರ ದಯೆ ದಾಕ್ಷಿಣ್ಯ ನಡೆಯುವುದಿಲ್ಲ. ಆದರೆ ಈ ದಾಳ ಕಾರ್ಖಾನೆಯದಲ್ಲ. ಅಪ್ಪ ನಲವತ್ತು ವರ್ಷದ ಹಿಂದೆ ತಾನೇ ಮಾಡಿಕೊಂಡ ಮರದ ದಾಳ. ಚುಕ್ಕಿಗಳ ಬದಲು ಬೈರಿಗೆಯಿಂದ ಕೊರೆದ ತೂತು. ಆರರ ಕಡೆ ಆರು ತೂತು, ಅದರ ಬೆನ್ನಿಗಿರುವ ಒಂದರ ಕಡೆ ಒಂದೇ. ಆರರ ಕಡೆ ಮರ ಕಡಿಮೆ, ತೂಕವೂ ಕಡಿಮೆ. ಹಗುರಾದ ಮುಖ ಮೇಲೇಳದೆ ಇನ್ನೇನು ಮಾಡೀತು! ಆರುನೂರು ಸಲ ಉರುಳಿಸಿಯೂ ನೋಡಿದ್ದಳು. ನೂರರ ಆಸುಪಾಸಿನಲ್ಲಿ ಬೀಳಬೇಕಿದ್ದ ಆರು, ಬಿದ್ದದ್ದು ನೂರ ಮೂವತ್ತೊಂದು ಸಲ.

"ಅಲ್ವೇ, ಇಬ್ಬರೂ ಅದೇ ದಾಳ ತಾನೇ ಹಾಕೋದು?" ಎಂದಳು ಪಕ್ಕದ ಮೇಜಿನ ಗೆಳತಿ. "ನಿಂಗೂ ಆರು ಬೀಳಬೇಕಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ಬೀಳುತ್ತೆ ಕಣೇ. ಬೀಳುತ್ತೆ ಅಂತ ಗೊತ್ತಿದ್ದಿದ್ದು ಅವನೊಬ್ಬನಿಗೇ! ಅದಕ್ಕೇ ಕಾಯಿನ ಯಾವಾಗ್ಲೂ ಗುರಿಯಿಂದ ಆರು ಮನೆ ಹಿಂದೆ ತಂದು ನಿಲ್ಲಿಸ್ತಾನೆ."

ಬರೀ ಆಟವಾಗಿದ್ದರೆ ಅವಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪಣಕ್ಕಿದ್ದದ್ದು ಅಪ್ಪನ ಅಂಗಡಿ. ಬೆತ್ತದ ಕುರ್ಚಿ ಹೆಣೆಯುವ ಅಂಗಡಿ ಅದು. ಅಪ್ಪನಿಗೆ ಎಪ್ಪತ್ತಮೂರು. ಕೆಲವು ತಿಂಗಳ ಹಿಂದೆ, ಬಾಗಿಲ ಮುಂದೆ ತನ್ನ ಪಾಡಿಗೆ ನಿಂತಿದ್ದ ಸೈಕಲ್ಲಿಗೆ ಹೋಗಿ ಡಿಕ್ಕಿ ಹೊಡೆದು ಮೊಣಕೈ ಮುರಿದುಕೊಂಡಿದ್ದ. "ಸೈಕಲ್ಲೇ ಅಡ್ಡ ಬಂತು" ಎಂದು ವಾದ ಬೇರೆ. ಅಂಗಡಿ ಮುಚ್ಚಿ ನಮ್ಮ ಮನೆಗೆ ಬಾ ಎಂದು ಮಗಳು ಹೇಳಿ ಹೇಳಿ ಸೋತಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ! ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರಕ್ಕೊಂದು ಆಟ. ಅಪ್ಪ ಸೋತ ದಿನ ಅಂಗಡಿಗೆ ಬೀಗ. ಎಂಟು ಭಾನುವಾರ ಆಗಿದ್ದವು. ಎಂಟೂ ಅಪ್ಪನ ಪಾಲು.

ಒಂಬತ್ತನೆಯ ಭಾನುವಾರ ಅವಳು ಇನ್ನೂ ಮೆಟ್ಟಿಲು ಹತ್ತುತ್ತಿದ್ದಳು. ಕುರ್ಚಿಯಿಂದ ತಲೆ ಎತ್ತದೆಯೇ ಅಪ್ಪ ಕೇಳಿದ: "ಹೊಸ ಚಪ್ಪಲಿನಾ?"

"ಅಬ್ಬಾ, ಹದ್ದಿನ ಕಣ್ಣು ನಿಂದು!"

"ಅದಿರಲಿ, ಕಳ್ಳಿ. ವಾರದಿಂದ ನನ್ನ ದಾಳ ನಾಪತ್ತೆ. ತೆಗಿ ಆಚೆ."

ಮಗಳು ಮರದ ದಾಳವನ್ನು ಚೀಲದಿಂದ ತೆಗೆದು ಕೊಟ್ಟಳು. ಮೊದಲು ಅವನ ದಾಳದಲ್ಲೇ ಆಡಲಿ. ಕಳ್ಳನನ್ನು ಸಮಯ ನೋಡಿ ಹಿಡಿಯಬೇಕು.

ಮಣೆಯೂ ಅಪ್ಪನದೇ ಹೆಣಿಗೆ, ಒಂದೊಂದು ಮನೆಗೂ ಬೆತ್ತದ ಅಂಚು. ಅವನ ಕಾಯಿಗಳು ಬೆತ್ತದ ತುಂಡು, ಅವಳವು ಕೋಟಿನ ಗುಂಡಿ; ಯಾವ ಕಾಯಿ ನಡೆಸುವುದೋ ಅವರವರ ಇಷ್ಟ. ದಾಳ ಬಿದ್ದ ಕೂಡಲೇ ಅಪ್ಪನ ಹೆಬ್ಬೆರಳು ಅದರ ಮೇಲೆ ಕೂರುತ್ತಿತ್ತು. ಆಟ ತನ್ನದಾಗಲಿ, ಅವಳದಾಗಲಿ. "ಎರಡಾ? ಅಯ್ಯೋ ಪಾಪ!" ಎಂದಮೇಲೇ ಬೆರಳು ತೆಗೆಯುವುದು. ಜೊತೆಗೆ ಕೈಚಳಕವೂ ಇದೆಯೇನೋ ಎಂದು ಮಗಳು ರೆಪ್ಪೆ ಹೊಡೆಯದೆ ಕಾದಳು. ಏನೂ ಸಿಗಲಿಲ್ಲ. ಅವನು ಹೇಳಿದ ಸಂಖ್ಯೆ ಪ್ರತಿ ಸಲ ಸರಿಯಾಗೇ ಇತ್ತು.

ಆಟ ಕೊನೆಗೆ ಬಂತು, ಇಬ್ಬರಿಗೂ ಉಳಿದದ್ದು ಒಂದೊಂದೇ ಕಾಯಿ. ಅವಳಿಗೆ ಬೇಕಿದ್ದದ್ದು ಎರಡು. ಅಪ್ಪನಿಗೆ? ಕೇಳಬೇಕೇ, ಆರು! ಬೇಕಾದಷ್ಟೇ ಬೀಳಬೇಕು, ಹೆಚ್ಚಾದರೂ ಕಡಿಮೆಯಾದರೂ ಕಾಯಿ ಕದಲುವಂತಿಲ್ಲ. ಸರದಿ ಅಪ್ಪನದು.

"ತಡಿ," ಎಂದು ಮಗಳು ಮರದ ದಾಳ ಎತ್ತಿಟ್ಟು, ಚೀಲದಿಂದ ಇನ್ನೊಂದನ್ನು ತೆಗೆದು ಅವನ ಅಂಗೈಗೆ ಹಾಕಿದಳು. ಕಾರ್ಖಾನೆಯ ಅತ್ಯುತ್ತಮ ದಾಳ. ಚುಕ್ಕಿಯ ಗುಳಿಗಳಿಗೆ ಸರಿತೂಕದ ಬಣ್ಣ ತುಂಬಿ, ಮಟ್ಟ ಮಾಡಿ, ಗಾಜಿನಂತೆ ಉಜ್ಜಿದ್ದು. "ಇದು ಯಾರ ಪಕ್ಷಾನೂ ವಹಿಸಲ್ಲ. ಇದರಲ್ಲಿ ಹಾಕು."

"ಹಳೇದಕ್ಕೇನಾಗಿದೆ?"

"ಅದು ನಿನ್ನ ಪಕ್ಷ. ನೀರಲ್ಲಿ ಹಾಕಿ ನೋಡಿದೀನಿ. ಈಗ ಸುಮ್ನೆ ಹಾಕು."

ಅಪ್ಪ ಹಾಕಿದ. ಹೆಬ್ಬೆರಳು ಹೋಗಿ ದಾಳದ ಮೇಲೆ ಕೂತಿತು. ಉಜ್ಜಿತು. ಇನ್ನೊಮ್ಮೆ ಉಜ್ಜಿತು. ಅವನು ಎಂದೂ ಇಷ್ಟು ಹೊತ್ತು ತೆಗೆದುಕೊಂಡವನಲ್ಲ.

"ಆರು!" ಎಂದು ಬೆರಳು ತೆಗೆದ.

ಬಿದ್ದಿದ್ದು ಮೂರು.

"ಅಪ್ಪಾ! ಹಾಡಹಗಲೇ ಮೋಸನಾ? ಮೂರು ಅಂತ ಎದ್ದು ಕಾಣ್ತಿದೆಯಲ್ಲೋ!"

ಅಪ್ಪ ನಗಲು ಹೋದ. ಆಗಲಿಲ್ಲ. "ಮೂರಾ? ಇರಬಹುದಮ್ಮ. ತೂತಿದ್ದಿದ್ರೆ ನಾನೇ ಹೇಳ್ತಿದ್ದೆ. ಇದು ಎಲ್ಲಾ ಕಡೆ ನುಣ್ಣಗಿದೆ." ದಾಳವನ್ನು ಅವಳ ಕಡೆಗೆ ತಳ್ಳಿದ. "ಒಂದು ವರ್ಷ ಆಯ್ತು. ಮೊದಲು ಕಣ್ಣು ಮಂಜು ಮಂಜು, ಆಮೇಲೆ ಏನೂ ಇಲ್ಲ. ಡಾಕ್ಟರೂ ಕೈಚೆಲ್ಲಿದ್ರು. ನಿಂಗೆ ಹೇಳಿದ್ರೆ ಅಂಗಡಿ ಮುಚ್ಚಿಸಿಬಿಡ್ತೀಯ ಅಂತ..."

ಒಂದು ವರ್ಷ! ವಾರವಾರವೂ ಎದುರಿಗೇ ಕೂತು ತನಗೆ ತಿಳಿಯಲಿಲ್ಲವಲ್ಲ ಎಂದು ಮಗಳಿಗೆ ನಾಚಿಕೆಯಾಯಿತು, ಅಳು ಬಂತು. ಪಕ್ಕದಲ್ಲಿದ್ದ ಕುರ್ಚಿಯ ಹೆಣಿಗೆಯನ್ನು ತಪಾಸಣೆಯ ಕಣ್ಣಿನಿಂದಲೇ ಮೂಲೆಯಿಂದ ಮೂಲೆಗೆ ನೋಡಿದಳು. ಒಂದು ಎಳೆಯೂ ತಪ್ಪಿರಲಿಲ್ಲ.

"ಹಾಕಮ್ಮ, ನಿನ್ನ ಸರದಿ," ಎಂದ ಅಪ್ಪ. "ಮಾತು ಅಂದ್ರೆ ಮಾತು. ಸೋತರೆ ಬೀಗದ ಕೈ ನಿಂದೇ."

ದಾಳ ಉರುಳಿ ನಿಂತಿತು. ಈ ಸಲ ಅಪ್ಪ ಹೆಬ್ಬೆರಳು ಚಾಚಲಿಲ್ಲ. "ಎಷ್ಟು ಬಿತ್ತು?" ಎಂದ.

"ಐದು," ಎಂದಳು ಮಗಳು, ಮೂಗೊರೆಸಿಕೊಂಡು. "ಥೂ, ನನ್ನ ಹಣೆಬರಹ! ತಗೋ, ನಿನ್ನ ದಾಳದಲ್ಲೇ ಹಾಕು."

ಅವಳಿಗೆ ಬಿದ್ದಿದ್ದು ಎರಡು.