ಹತ್ತಿಯ ಕುರಿ

ಮೈದಾ ಅಂಟು ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಮೈ ಉರಿಯುತ್ತದೆ.

ಯಗಟಿಯಲ್ಲಿ ನಮ್ಮ ದೊಡ್ಡಮ್ಮ ಭಾನುವಾರ ಮಧ್ಯಾಹ್ನ, ಇನ್ನೂ ಶಾಲೆಗೆ ಸೇರದ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಬೈಬಲ್ ಕಥೆ ಹೇಳುತ್ತಿದ್ದಳು. ಅವತ್ತು ತಪ್ಪಿಸಿಕೊಂಡ ಕುರಿಯ ಕಥೆ. ರಟ್ಟಿನ ಕುರಿಗೆ ಅಂಟು ಬಳಿದು ಹತ್ತಿ ಮೆತ್ತಬೇಕಿತ್ತು. ನಾನು ಪಕ್ಕದಲ್ಲಿ ಕೂತಿದ್ದ ತಾತನ ಕಂಬಳಿಯಿಂದ ಕರಿ ಉಣ್ಣೆ ಕಿತ್ತು ಮೆತ್ತಿದೆ. ಹುಟ್ಟಿದಾಗಿನಿಂದ ಕುರಿ ಕಾಯ್ದ ತಾತ, ಹರಿದ ಅಂಚನ್ನು ತಾನೇ ನನ್ನ ಕಡೆ ಚಾಚಿದ.

"ಥೂ, ಕರೀ ಕುರೀನಾ? ಕರೀದು ಅಂದ್ರೆ ಪಾಪ ಕಣೇ. ಯೇಸುಸ್ವಾಮಿ ಕುರಿ ಬೆಳ್ಳಗಿರ್ಬೇಕು." ದೊಡ್ಡಮ್ಮ ಉಣ್ಣೆಯನ್ನು ಉಗುರಿನಿಂದ ಕೆರೆದು ಬಿಸಾಕಿ ಹತ್ತಿ ಒತ್ತಿದಳು.

"ನಮ್ಮ ಹಿಂಡಲ್ಲಿ ಬಿಳೀದು ಒಂದಾದ್ರೂ ಐತೇನವ್ವಾ?" ತಾತ ಮಗಳನ್ನು ಕೇಳಿದ.

"ನೀನು ಸುಮ್ಕಿರಪ್ಪಾ, ಹುಡುಗ್ರ ಮುಂದೆ."

ನಾನು ಹತ್ತಿ ಕಿತ್ತೆ. ಕೈಮೇಲೆ ಪಟ್ಟನೆ ಏಟು ಬಿತ್ತು. ದೊಡ್ಡಮ್ಮ ಮತ್ತೆ ಹತ್ತಿ ಒತ್ತಿ, ನನ್ನ ಕುರಿಯೇ ಚೆಂದವೆಂದು ಅದನ್ನೇ ಮೊದಲು ಗೋಡೆಗೆ ಸಿಕ್ಕಿಸಿದಳು.

"ಎಲ್ರೂ ಕಣ್ಮುಚ್ಚಿ, ಪ್ರಾರ್ಥನೆ," ಎಂದಳು. ನಾನು ಹಲ್ಲು ಕಚ್ಚಿಕೊಂಡು ಕಣ್ಣು ಬಿಟ್ಟೇ ಇದ್ದೆ. ತಾತನೂ ಮುಚ್ಚಿರಲಿಲ್ಲ. ನೆಲಕ್ಕೆ ಬಿದ್ದಿದ್ದ ಕರಿ ಉಣ್ಣೆಯನ್ನು ಒಂದೊಂದೇ ಎಳೆಯಾಗಿ ಆಯ್ದು, ಮತ್ತೆ ತನ್ನ ಕಂಬಳಿಗೆ ಒತ್ತಿಕೊಳ್ಳುತ್ತಿದ್ದ.