ಸರ್ವಾನುಮತ

ಕರಿದ ಮೀನಿನ ತಟ್ಟೆಗಳು ಇನ್ನೂ ಕೈಯಿಂದ ಕೈಗೆ ಸಾಗುತ್ತಿರುವಾಗಲೇ ರೆವರೆಂಡ್ ಬ್ರಾಡ್ನಾಕ್ಸ್ ಅವರಿಗೂ ವಕೀಲೆ ರೋಷೆಲ್ ಗೇದರಿಗೂ ಜಗಳ ಹತ್ತಿಕೊಂಡಿತು. ಕೌನ್ಸಿಲರ್ ಲೂಷಿಯಸ್ ಹಾರ್ಗ್ರೋವ್‌ನನ್ನು ಜನರ ಮುಂದೆ ನಿಲ್ಲಿಸಿ ಲೆಕ್ಕ ಕೇಳಬೇಕೆಂದೇ ಚರ್ಚಿನ ನೆಲಮಾಳಿಗೆಯಲ್ಲಿ ಈ ಸಭೆ ಕರೆದಿದ್ದರು. ಮೊದಲು ಯಾವುದಕ್ಕೆ ಲೆಕ್ಕ ಕೇಳಬೇಕು ಎಂಬುದೇ ತಕರಾರು. ಲೂಷಿಯಸ್ ಇಬ್ಬರ ನಡುವೆ ಕುಳಿತು ನಿಧಾನವಾಗಿ ಮುಳ್ಳು ಬಿಡಿಸಿ ಮೀನು ತಿನ್ನುತ್ತಿದ್ದ.

ಮುಂದಿನ ಸಾಲಿನಲ್ಲಿ ಮಿಸ್ ವರ್ಲೀನ್ ಟಾಲಿವರ್ ಕಾಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ ಮಾತು, ಹೌದು ಅಥವಾ ಇಲ್ಲ. ನದಿಯಾಚೆಯ ಡಯಾಲಿಸಿಸ್ ಕೇಂದ್ರಕ್ಕೆ ಹೋಗುವ ಬೆಳಗಿನ ಬಸ್ಸನ್ನು ನಿಲ್ಲಿಸುವ ಠರಾವು ಮಂಗಳವಾರ ಕೌನ್ಸಿಲಿನ ಮುಂದೆ ಬರುವುದಿತ್ತು. ಅವರ ಗಂಡ ಕ್ಲಿಯೋಫಸ್ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಹೋಗಿಬರುತ್ತಿದ್ದದ್ದು ಆ ಬಸ್ಸಿನಲ್ಲೇ. ಹಿಂದಿನ ಬೆಂಚುಗಳಲ್ಲಿ ಕೂತಿದ್ದ ಮುದುಕರಲ್ಲೂ ಅನೇಕರಿಗೆ ಅದೇ ಆಧಾರ. ಕಾರು ಯಾರ ಮನೆಯಲ್ಲೂ ಇರಲಿಲ್ಲ. ಕೌನ್ಸಿಲಿನಲ್ಲಿ ಪರ ವಿರೋಧ ಸಮ ಸಮ ಇದ್ದುದರಿಂದ ಬಸ್ಸಿನ ಹಣೆಬರಹ ಲೂಷಿಯಸ್‌ನ ವೋಟಿಗೆ ಬಂದು ನಿಂತಿತ್ತು.

ರೆವರೆಂಡರ ಪ್ರಕಾರ ಮೊದಲ ಕೆಲಸ, ದೊಡ್ಡ ರಸ್ತೆಗೆ ದಿವಂಗತ ಬಿಷಪ್ಪರ ಹೆಸರಿಡುವುದು. ಬಿಷಪ್ಪರು ಅವರ ಮಾವನಾಗಿದ್ದದ್ದು ಕೇವಲ ಕಾಕತಾಳೀಯ. ಗೇದರಿಗೆ ಅದು ತಗಡಿನ ಫಲಕದ ರಾಜಕೀಯ. ಆಕೆಗೆ ಮೊದಲು ಬೇಕಾದದ್ದು ನಗರದ ಗುತ್ತಿಗೆಗಳಲ್ಲಿ ಕಪ್ಪು ಜನರಿಗೆ ನ್ಯಾಯವಾದ ಪಾಲು. ಆಕೆಯ ತಮ್ಮನಿಗೆ ಕಾಂಕ್ರೀಟಿನ ವ್ಯಾಪಾರವಿದ್ದದ್ದೂ ಕಾಕತಾಳೀಯವೇ. ಮಾತಿಗೆ ಮಾತು ಬೆಳೆದು ರೆವರೆಂಡರು, ನಮ್ಮವನೊಬ್ಬನನ್ನು ಆ ಕುರ್ಚಿಯಲ್ಲಿ ಕೂರಿಸಲು ಒಂದು ತಲೆಮಾರೇ ಸವೆದಿದೆ, ಈಗ ನಾವೇ ಕಾಲೆಳೆದರೆ ಬಿಳಿಯರು ಕೂತು ನಗುತ್ತಾರೆ ಎಂದರು.

"ಕೂರಿಸಿದ್ದು ಕೂತೇ ಇರ್ಲಿ ಅಂತಲ್ಲ ರೆವರೆಂಡ್," ಎಂದಳು ಗೇದರ್. "ಎದ್ದು ಮಾತಾಡ್ಲಿ ಅಂತ."

"ಎದ್ದು ನಿಲ್ಲೋಕೆ ಕಾಲಡಿಗೆ ನಿಮ್ಮ ತಮ್ಮನ ಕಾಂಕ್ರೀಟೇ ಆಗ್ಬೇಕೇನಮ್ಮ?"

ಸಭೆ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಲೂಷಿಯಸ್. ಕೈ ಒರೆಸಿಕೊಂಡು, ವಿನಯದಿಂದ ತಲೆಬಾಗಿ, "ನೀವಿಬ್ರೂ ಮೊದಲು ಒಂದು ಮಾತಿಗೆ ಬನ್ನಿ. ಯಾವ ತಪ್ಪಿಗೆ ಬೈಸ್ಕೋತಾ ಇದೀನಿ ಅಂತ ನನಗೂ ಗೊತ್ತಾಗ್ಬೇಕಲ್ಲ," ಎಂದ.

ಆಗ ಮಿಸ್ ವರ್ಲೀನ್ ಎದ್ದು ನಿಂತರು. ಒಡನೆ ಮೂವರೂ ನಾಯಕರು ಜಗಳ ಮರೆತರು. ರೆವರೆಂಡರು ಸ್ವತಃ ಹೋಗಿ ಅವರ ತಲೆಯ ಮೇಲಿನ ಫ್ಯಾನು ನಿಲ್ಲಿಸಿದರು. ಗೇದರ್ ತನ್ನ ಶಾಲನ್ನು ತೆಗೆದು ಅವರಿಗೆ ಹೊದಿಸಿದಳು. ಲೂಷಿಯಸ್ ತಾನೇ ತಟ್ಟೆಗೆ ಮೀನು ಹಾಕಿ ತಂದ. ಅವರು ಖಾರದ ಸಾಸ್ ಮುಟ್ಟುವುದಿಲ್ಲವೆಂಬುದು ಅವನಿಗೆ ಇಂದಿಗೂ ನೆನಪಿತ್ತು. ಇದು ಯಾವುದೂ ನಾಟಕವಲ್ಲ. ಮೂವರೂ ಅವರು ಚರ್ಚಿನಲ್ಲಿ ಹೇಳಿಕೊಡುತ್ತಿದ್ದ ಭಾನುವಾರದ ಪಾಠದಲ್ಲಿ ಬೆಳೆದ ಮಕ್ಕಳು, ಮೂವರಿಗೂ ಅವರ ಮೇಲೆ ನಿಜವಾದ ಪ್ರೀತಿ.

"ಲೂಷಿಯಸ್, ಮಂಗಳವಾರ ಬಸ್ಸಿಗೆ ನಿನ್ನ ವೋಟು ಉಂಟೋ ಇಲ್ವೋ?"

"ಅಂಕಲ್ ಕ್ಲಿಯೋಫಸ್ ಹೇಗಿದ್ದಾರಮ್ಮ?"

"ಬಸ್ಸಿರೋ ತನಕ ಚೆನ್ನಾಗಿರ್ತಾರೆ."

ಲೂಷಿಯಸ್ ಬಜೆಟ್ಟಿನ ಕಷ್ಟ ಹೇಳಿದ, ಮೇಯರರ ಸ್ವಭಾವ ಹೇಳಿದ, ತನ್ನ ತಾಯಿಯೂ ಇದೇ ಬಸ್ಸಿನಲ್ಲಿ ಓಡಾಡುತ್ತಿದ್ದ ದಿನಗಳನ್ನು ನೆನೆದು ಗದ್ಗದಿತನಾದ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸಣ್ಣ ವಿಷಯ ಎತ್ತಿಕೊಂಡರೆ ದೊಡ್ಡದು ಕೈಜಾರುತ್ತದೆ ಎಂದು ರೆವರೆಂಡರು ಮೃದುವಾಗಿ ತಿಳಿಹೇಳಿದರು. ಬಸ್ಸಿನ ಪ್ರಶ್ನೆ ಬಹಳ ಮುಖ್ಯವೆಂದು ಗೇದರ್ ಒಪ್ಪಿದಳು. ಗುತ್ತಿಗೆಯ ವಿಷಯ ಮುಗಿದ ಮೇಲೆ ಅದನ್ನೇ ಕೈಗೆತ್ತಿಕೊಳ್ಳುವುದಾಗಿ ಮಾತುಕೊಟ್ಟಳು. ಹೀಗೆ, ಕಾಯಬಹುದಾದದ್ದು ಬಸ್ಸೊಂದೇ ಎಂಬಲ್ಲಿ ಎರಡೂ ಪಕ್ಷಗಳಿಗೆ ಒಮ್ಮತ ಮೂಡಿತು.

ಮಿಸ್ ವರ್ಲೀನ್ ಶಾಲನ್ನು ಮಡಚಿ ಹಿಂದಕ್ಕೆ ಕೊಟ್ಟರು. ಮೀನು ಚೆನ್ನಾಗಿದೆಯೆಂದರು, ಊರುಗೋಲು ತೆಗೆದುಕೊಂಡರು.

"ಇರಿ ಅಮ್ಮ, ಕತ್ತಲಾಗ್ತಿದೆ," ಎಂದು ಲೂಷಿಯಸ್ ಓಡಿ ಬಂದ. "ನನ್ನ ಕಾರಲ್ಲಿ ಬಿಡ್ತೀನಿ."

"ಇವತ್ತು ಬೇಡ ಮಗ. ಬುಧವಾರ ಬೆಳಿಗ್ಗೆ ಐದಕ್ಕೆ ಬಾ. ನಮ್ಮವರ ಜೊತೆ ಈ ಹಿಂದಿನ ಬೆಂಚಿನವರೂ ರಸ್ತೆ ಮೂಲೇಲಿ ನಿಂತಿರ್ತಾರೆ. ದೊಡ್ಡ ಕಾರೇ ತಗೊಂಡು ಬಾ."

ರೆವರೆಂಡರು ಗಂಟಲು ಸರಿಮಾಡಿಕೊಂಡು, ಯಾವುದು ಮೊದಲು ಎಂದು ತೀರ್ಮಾನಿಸಲು ಒಂದು ಜಂಟಿ ಸಮಿತಿ ನೇಮಿಸೋಣ, ಅಲ್ಲಿಯವರೆಗೆ ನಮ್ಮ ಲೂಷಿಯಸ್‌ನ ಮೇಲೆ ಪೂರ್ಣ ವಿಶ್ವಾಸವಿಡೋಣ, ಒಪ್ಪುವವರು ಕೈ ಎತ್ತಿ ಎಂದು ಅವಸರದಿಂದ ಹೇಳಿದರು.

ಮಿಸ್ ವರ್ಲೀನ್ ಬಲಗೈಯ ತೋರುಬೆರಳನ್ನೆತ್ತಿ, ತಲೆ ತಗ್ಗಿಸಿ ಬಾಗಿಲ ಕಡೆ ನಡೆದರು. ಆ ಚರ್ಚಿನಲ್ಲಿ ನಡುವೆ ಎದ್ದು ಹೋಗುವವರು ಒಂದು ಬೆರಳೆತ್ತಿಕೊಂಡೇ ಹೋಗಬೇಕು. ದೇವರ ಬಳಿಯೂ ಪಾದ್ರಿಯ ಬಳಿಯೂ ಕ್ಷಮೆ ಕೇಳುವ ರೀತಿ ಅದು. ಕೂಸುಗಳಿಗೂ ಗೊತ್ತು. ಅವರ ಹಿಂದೆ ಹಿಂದಿನ ಬೆಂಚಿನ ಮುದುಕನೊಬ್ಬ ಬೆರಳೆತ್ತಿ ಎದ್ದ. ಅವನ ಹೆಂಡತಿ ಎದ್ದಳು. ಬೆಂಚಿಗೆ ಬೆಂಚೇ ಎದ್ದು, ಎತ್ತಿದ ಬೆರಳುಗಳ ಸಾಲು ಸದ್ದಿಲ್ಲದೆ ಬಾಗಿಲ ಕಡೆ ಸಾಗಿತು.

ಆ ಚರ್ಚಿನಲ್ಲೇ ಹುಟ್ಟಿ ಬೆಳೆದ ರೆವರೆಂಡ್ ಬ್ರಾಡ್ನಾಕ್ಸ್ ಬೆರಳುಗಳ ಮೇಲೆ ವೋಟು ಎಣಿಸುವವರಂತೆ ಕಣ್ಣಾಡಿಸಿದರು. "ಸರ್ವಾನುಮತದಿಂದ ಅಂಗೀಕಾರವಾಗಿದೆ," ಎಂಬ ಅವರ ದನಿ ಮಿಸ್ ವರ್ಲೀನ್‌ಗೆ ಹೊಸ್ತಿಲ ಬಳಿ ಕೇಳಿಸಿತು. ಸಂಜೆಯಿಡೀ ರೆವರೆಂಡರೊಂದಿಗೆ ಜಗಳವಾಡಿದ ಗೇದರ್ ಇದಕ್ಕೆ ಮಾತ್ರ ಎದುರಾಡಲಿಲ್ಲ. ಆಕೆಗೆ ಪುರುಸೊತ್ತೂ ಇರಲಿಲ್ಲ. ಬಾಗಿಲು ಭಾರವೆಂದು ಮುಂದಾಗಿಯೇ ಬಂದು, ಕಡೆಯ ಮುದುಕ ದಾಟುವವರೆಗೂ ಅದನ್ನು ಎರಡೂ ಕೈಯಿಂದ ತೆರೆದು ಹಿಡಿದಿದ್ದಳು.